ಹುಣಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ಹೊತ್ತಿನ ದಾರಿ?

ಮಗಳ ಮನೆಗೆಂದು ಅಮೆರಿಕಕ್ಕೆ ಹೊರಡುವ ಮುಂಚೆ ಅವ್ವನಿಗೆ ಹೇಳಿ ಬರಲು ಊರಿಗೆ ಹೋಗಿದ್ದೆ. ನನ್ನ ತವರು ಕೆ.ಆರ್. ನಗರ ಸೀಮೆಯಲ್ಲಿ, ಚುಂಚನಕಟ್ಟೆಗೆ ಹತ್ತಿರದ ಹಳ್ಳಿ. ಅದು 2023ರ ಡಿಸೆಂಬರ್. ಭತ್ತದ ಕೊಯ್ಲು ಮುಗಿದು ಹಿತ್ತಲಲ್ಲಿ ಹುಲ್ಲಿನ ಮೆದೆ ಎದ್ದಿತ್ತು. ಎಂಬತ್ತೇಳು ವರ್ಷದ ಅವ್ವ ಜಗಲಿಯ ಮೇಲೆ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಏಟು ದೂರ ಮಗಾ ಅದು?" ಎಂದಳು.

"ಹದಿನಾಲ್ಕು ಸಾವಿರ ಕಿಲೋಮೀಟರು ಕಣವ್ವ."

ಅವ್ವನ ಕೈ ನಿಲ್ಲಲಿಲ್ಲ. "ಕಿಲೋಮೀಟ್ರು ಕಟ್ಕೊಂಡು ನಾನೇನ್ ಮಾಡ್ಲಿ? ನಂಗೇನಾರ ಆಯ್ತು ಅಂತ ಫೋನು ಮಾಡುದ್ರೆ ಏಟೊತ್ತಿಗೆ ಬತ್ತೀಯ, ಅದ ಹೇಳು."

ಪಿರಿಯಾಪಟ್ಟಣ ಮತ್ತು ಹುಣಸೂರು ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ಪಾಠ ಮಾಡಿದವಳು ನಾನು. ಅಕ್ಷಾಂಶ, ರೇಖಾಂಶ ಎಲ್ಲ ಬಾಯಿಪಾಠ. ಆದರೂ ಅವ್ವನ ಪ್ರಶ್ನೆಗೆ ಥಟ್ಟನೆ ಉತ್ತರ ಬರಲಿಲ್ಲ. "ಒಂದು ದಿನ ಸಾಕು ಕಣವ್ವ" ಎಂದುಬಿಟ್ಟೆ. ಹೇಳಿದ್ದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

ಅವ್ವ ದೂರವನ್ನು ಯಾವಾಗಲೂ ಹೊತ್ತಿನಲ್ಲೇ ಅಳೆಯುತ್ತಾಳೆ. ಅವಳ ತವರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹೊಳೆಯ ದಂಡೆಯ ಒಂದು ಪುಟ್ಟ ಹಳ್ಳಿ. ಮದುವೆಯಾದಾಗ ಅವಳಿಗೆ ಹದಿನಾರು. ದಿಬ್ಬಣ ಎತ್ತಿನ ಗಾಡಿಯಲ್ಲಿ ಹೊರಟಿತು. ಬೆಳಗಿನ ಜಾವ ಗಾಡಿ ಕಟ್ಟಿದರೆ ಮೊದಲ ರಾತ್ರಿ ಕೋಟೆ ದಾಟಿ ಒಂದು ಹಳ್ಳಿಯಲ್ಲಿ. ಎರಡನೇ ರಾತ್ರಿ ಹುಣಸೂರಿನಲ್ಲಿ, ಲಕ್ಷ್ಮಣತೀರ್ಥ ಹೊಳೆಯ ಹತ್ತಿರ. ಮೂರನೇ ದಿನ ದೀಪ ಹಚ್ಚುವ ಹೊತ್ತಿಗೆ ಗಂಡನ ಮನೆ. ಎಲ್ಲ ಸೇರಿ ಎಂಬತ್ತು ಕಿಲೋಮೀಟರ್ ಆಸುಪಾಸು. ಈಗ ಕಾರಿನಲ್ಲಿ ಎರಡು ಗಂಟೆಯ ದಾರಿ. ಅವಳಿಗೆ ಮಾತ್ರ ಇಂದಿಗೂ ಅದು "ಮೂರು ಹಗಲು, ಎರಡು ರಾತ್ರಿ".

ಗೋಳದ ಮೇಲೊಂದು ದಾರ

ಹುಣಸೂರಿಗೆ ಮರಳಿದ ಮೇಲೆ ನನ್ನ ಮಗನ ಮಗನನ್ನು ಕೂರಿಸಿಕೊಂಡೆ. ಅವನು ಆರನೇ ಕ್ಲಾಸು. "ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನ ಯಾವ ದಾರಿಯಲ್ಲಿ ಹೋಗುತ್ತೆ ಹೇಳು" ಎಂದೆ. ಅವನು ಗೋಡೆಯ ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ನೇರ ಗೆರೆ ತೋರಿಸಿದ. ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರ, ಆಮೇಲೆ ಅಮೆರಿಕ.

"ಈಗ ಗೋಳ ತಗೊಂಡು ಬಾ" ಎಂದೆ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಲು ಹೇಳಿದೆ. ದಾರ ಪಶ್ಚಿಮಕ್ಕೆ ಹೋಗಲೇ ಇಲ್ಲ! ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ ದಾಟಿ, ಹಿಮದ ಆರ್ಕ್‌ಟಿಕ್ ಸಾಗರದ ಅಂಚನ್ನು ಸವರಿಕೊಂಡು, ಅಲಾಸ್ಕಾ ಮೇಲಿಂದ ಇಳಿದು ಬಂತು. ಹುಡುಗ ಎರಡು ಸಲ, ಮೂರು ಸಲ ಎಳೆದು ನೋಡಿದ. ದಾರ ಪ್ರತಿ ಸಲವೂ ಉತ್ತರಕ್ಕೇ ಜಾರುತ್ತಿತ್ತು.

ಭೂಮಿ ಗುಂಡಗಿದೆ. ಅದನ್ನು ಚಪ್ಪಟೆ ಹಾಳೆಯ ಮೇಲೆ ಹರಡಿದಾಗ ಉತ್ತರದ ದೇಶಗಳೆಲ್ಲ ಹಿಗ್ಗಿಬಿಡುತ್ತವೆ. ಹಾಗಾಗಿ ಹಾಳೆಯ ಮೇಲಿನ ನೇರ ಗೆರೆ ನಿಜವಾಗಿ ಹತ್ತಿರದ ದಾರಿಯಲ್ಲ. ಮಕ್ಕಳೇ, ನಿಮ್ಮ ಮನೆಯಲ್ಲಿ ಗೋಳ ಇಲ್ಲದಿದ್ದರೆ ಒಂದು ಚಕ್ಕೋತ ಹಣ್ಣು ತಂದು ಊರುಗಳನ್ನು ಪೆನ್ನಿನಲ್ಲಿ ಗುರುತಿಸಿ, ದಾರ ಎಳೆದು ನೋಡಿ. ಆಟ ಮುಗಿದ ಮೇಲೆ ಹಣ್ಣು ತಿನ್ನಬಹುದು.

ದಾರ ಟಿಬೆಟ್ ಮೇಲೆ ಹಾದಾಗ ನನಗೆ ಬೈಲಕುಪ್ಪೆ ನೆನಪಾಯಿತು. ಪಿರಿಯಾಪಟ್ಟಣದಲ್ಲಿ ಕೆಲಸ ಮಾಡುವಾಗ ಅಲ್ಲಿಯ ಟಿಬೆಟನ್ ಅಜ್ಜ ಅಜ್ಜಿಯರನ್ನು ದಿನವೂ ಬಸ್ಸಿನಲ್ಲಿ ನೋಡುತ್ತಿದ್ದೆ. 1959ರ ನಂತರ ಹಿಮಾಲಯವನ್ನು ಕಾಲ್ನಡಿಗೆಯಲ್ಲಿ ದಾಟಿ ಬಂದವರು ಎಷ್ಟೋ ಜನ. 1960ರ ದಶಕದ ಆರಂಭದಲ್ಲಿ ಅವರಿಗೆ ಇಲ್ಲಿ ಜಾಗ ಸಿಕ್ಕಿತು. ಇನ್ನು ಮಂಗೋಲಿಯದ ಮೇಲೆ ದಾರ ಹಾದಾಗ ಹುಡುಗನಿಗೆ ಪಟ್ಟೆತಲೆ ಹೆಬ್ಬಾತಿನ ಕತೆ ಹೇಳಿದೆ. ಚಳಿಗಾಲದಲ್ಲಿ ನಮ್ಮ ಮೈಸೂರು ಸೀಮೆಯ ಕೆರೆಗಳಿಗೆ ಬರುವ ಈ ಹಕ್ಕಿಗಳು ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯದ ಮೇಲೆ ಹಾರಿ ಬರುತ್ತವೆ. ಅವಕ್ಕೆ ಟಿಕೆಟ್ಟೂ ಇಲ್ಲ, ಪಾಸ್‌ಪೋರ್ಟೂ ಇಲ್ಲ.

ಆದರೆ ಪ್ರಯಾಣಿಕರನ್ನು ತುಂಬಿಕೊಂಡ ವಿಮಾನ ಟಿಬೆಟ್ಟಿನ ನೆತ್ತಿಯ ಮೇಲೆ ಹಾರುವುದು ಅಪರೂಪ. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಇಳಿದರೆ, ಜನರು ಉಸಿರಾಡುವಂತೆ ಸುಮಾರು 3,000 ಮೀಟರ್ ಎತ್ತರಕ್ಕೆ ಬೇಗ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ! ಹಾಗಾಗಿ ಸುತ್ತು ಹಾಕುತ್ತವೆ. ದಾರ ತೋರಿಸಿದ್ದು ಅತಿ ಹತ್ತಿರದ ದಾರಿ. ವಿಮಾನ ಹಿಡಿಯುವುದು ಅವತ್ತಿನ ಗಾಳಿಗೂ ಸುರಕ್ಷತೆಗೂ ಹೊಂದುವ ದಾರಿ.

"ಅಜ್ಜಿ, ಗಂಟೆಗೆ 900 ಕಿಲೋಮೀಟರ್ ಓಡಿದ್ರೆ 14,000ಕ್ಕೆ ಎಷ್ಟು ಗಂಟೆ?" ಹುಡುಗ ತಾನೇ ಕೇಳಿಕೊಂಡು ತಾನೇ ಭಾಗಾಕಾರ ಮಾಡಿದ. ಹದಿನೈದೂವರೆ ಗಂಟೆ ಬಂತು. ನನಗೆ ಸಮಾಧಾನವಾಯಿತು. ಅವ್ವನಿಗೆ ಹೇಳಿದ "ಒಂದು ದಿನ" ಸುಳ್ಳಲ್ಲ ಅಂದುಕೊಂಡೆ.

ಮೂವತ್ತೇಳೂವರೆ ಗಂಟೆಯ ಶುಕ್ರವಾರ

ಶುಕ್ರವಾರ ಬೆಳಿಗ್ಗೆ ಐದು ಗಂಟೆಗೆ ಹುಣಸೂರಿನ ಮನೆಯಿಂದ ಮಗನ ಕಾರಿನಲ್ಲಿ ಹೊರಟೆವು. ಪೆಟ್ಟಿಗೆಯಲ್ಲಿ ರಾಗಿಹಿಟ್ಟು, ಹುರಳಿಕಾಳು, ಚಟ್ನಿಪುಡಿ. ಬಿಳಿಕೆರೆ, ಇಲವಾಲ ದಾಟಿ ಮೈಸೂರು ಸೇರಲು ಒಂದು ಗಂಟೆ. ಅಲ್ಲಿಂದ ಆ ವರ್ಷ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿದ್ದ ಹೊಸ ಹೆದ್ದಾರಿಯಲ್ಲಿ ಬೆಂಗಳೂರಿನ ಅಂಚು ಮುಟ್ಟಲು ಒಂದೂವರೆ ಗಂಟೆ. ಆ ಅಂಚಿನಿಂದ ದೇವನಹಳ್ಳಿಗೆ ಎರಡು ಗಂಟೆ! ದಾರಿಯಲ್ಲಿ ಇಡ್ಲಿ ತಿಂದದ್ದೂ ಸೇರಿ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಿದಾಗ ಹತ್ತು ಗಂಟೆ. ಸುಮಾರು 230 ಕಿಲೋಮೀಟರ್‌ಗೆ ಐದು ಗಂಟೆ.

ಹೊಸ ಟರ್ಮಿನಲ್ ಒಳಗೆ ಎಲ್ಲಿ ನೋಡಿದರೂ ಗಿಡ, ಬಳ್ಳಿ, ಬಿದಿರು. ಚಾವಣಿಯಿಂದಲೂ ಗಿಡಗಳು ತೂಗಾಡುತ್ತಿದ್ದವು. ಪೆಟ್ಟಿಗೆ ಕೊಟ್ಟು, ತಪಾಸಣೆಯ ಸಾಲುಗಳನ್ನು ದಾಟಿ ಕೂತೆ. ವಿಮಾನ ಹೊರಟಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಅಂದರೆ ವಿಮಾನ ಏರುವುದಕ್ಕೇ ನನಗೆ ಒಂಬತ್ತು ಗಂಟೆ ಹಿಡಿದಿತ್ತು. ಮೊಮ್ಮಗನ ಲೆಕ್ಕದಲ್ಲಿ ಇದು ಸೇರಿರಲಿಲ್ಲ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಎಲ್ಲೂ ಇಳಿಯದ ಈ ವಿಮಾನವನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಶುರುಮಾಡಿತು. ಮೊದಲ ವಿಮಾನ ಅಲ್ಲಿಂದ ಜನವರಿ 9ರ ರಾತ್ರಿ ಹೊರಟು ಇಲ್ಲಿಗೆ 11ರ ಬೆಳಗಿನ ಜಾವ ಬಂತು. ಅದನ್ನು ಹಾರಿಸಿ ತಂದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಇನ್ನೂ ಮೂವರು ಪೈಲಟ್‌ಗಳು. ನಾಲ್ವರೂ ಹೆಣ್ಣುಮಕ್ಕಳು! ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ಬಂದರು. ಅದಕ್ಕೆ ಮುಂಚೆ ನಮ್ಮವರು ದುಬೈ, ಫ್ರಾಂಕ್‌ಫರ್ಟ್‌ನಂಥ ಊರುಗಳಲ್ಲಿ ಇಳಿದು, ಕಾದು, ಬೇರೆ ವಿಮಾನ ಹತ್ತಬೇಕಿತ್ತು. ಜಗತ್ತಿನಲ್ಲಿ ಇದಕ್ಕಿಂತ ಉದ್ದದ ಹಾರಾಟವೂ ಇದೆ. ಸಿಂಗಪುರ ಮತ್ತು ನ್ಯೂಯಾರ್ಕ್ ನಡುವೆ 15,300 ಕಿಲೋಮೀಟರ್‌ಗೂ ಹೆಚ್ಚು.

ನಮ್ಮ ವಿಮಾನ ಪೂರ್ವಕ್ಕೆ ತಿರುಗಿ ಬಂಗಾಳ ಕೊಲ್ಲಿ, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ಸಾಗರದ ಮೇಲೆ ಹೋಯಿತು. ಸೀಟಿನ ಮುಂದಿನ ಪರದೆಯಲ್ಲಿ ಅದೆಲ್ಲ ಕಾಣುತ್ತಿತ್ತು. ಸುಮಾರು ಹತ್ತು ಕಿಲೋಮೀಟರ್ ಎತ್ತರ, ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆಯೊಂದು ಹರಿಯುತ್ತಿರುತ್ತದೆ. ಹೊಳೆ ಹರಿಯುವ ಕಡೆಗೆ ತೆಪ್ಪ ಬಿಟ್ಟರೆ ಬೇಗ ಹೋಗುತ್ತದಲ್ಲ, ಹಾಗೆ ದಾರಿ ಸ್ವಲ್ಪ ಸುತ್ತಾದರೂ ಹೊತ್ತು ಉಳಿಯುತ್ತದೆ. ಹದಿನಾರು ಗಂಟೆ ಹಾರಿ ಇಳಿದಾಗ ಅಲ್ಲಿ ಅದೇ ಶುಕ್ರವಾರ ಸಂಜೆ ಐದು ಗಂಟೆ!

ಇದು ಮಾಯವಲ್ಲ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಗಂಟೆಗೆ 15 ಡಿಗ್ರಿ. ಅದರ ಪ್ರಕಾರ ಊರೂರಿಗೂ ಹೊತ್ತು ಬೇರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಹಾಗಾಗಿ ನನ್ನ ಆ ಶುಕ್ರವಾರ ಮೂವತ್ತೇಳೂವರೆ ಗಂಟೆ ಉದ್ದವಾಗಿತ್ತು. ವಲಸೆ ವಿಭಾಗದ ಸಾಲು ಮುಗಿಸಿ ಮಗಳ ಮನೆಯ ಬಾಗಿಲು ತಲುಪುವ ಹೊತ್ತಿಗೆ ಹುಣಸೂರು ಬಿಟ್ಟು ಇಪ್ಪತ್ತೆಂಟು ಗಂಟೆಯಾಗಿತ್ತು.

ಫೋನು ಬಂತು

ಜನವರಿಯಲ್ಲಿ ಅವ್ವ ಫೋನಿನಲ್ಲಿ ಚುಂಚನಕಟ್ಟೆ ದನಗಳ ಜಾತ್ರೆಯ ಸುದ್ದಿ ಹೇಳಿದಳು. ಯಾರ ಜೋಡಿ ಎತ್ತು ಎಷ್ಟಕ್ಕೆ ಹೋಯಿತು, ಪಕ್ಕದ ಮನೆಯವರು ಯಾವ ಹಸು ತಂದರು, ಎಲ್ಲ. ಕೊನೆಗೆ ಎಂದಿನಂತೆ "ಯಾವತ್ತು ಬತ್ತೀಯ?" ಎಂದಳು. ಮಾರ್ಚ್‌ನಲ್ಲಿ ಎಂದೆ.

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಫೋನು ಬಡಿದುಕೊಂಡಿತು. ಊರಿನಲ್ಲಿ ಆಗ ಮಂಗಳವಾರ ರಾತ್ರಿ ಏಳೂವರೆ. ತಮ್ಮ ಮಾತಾಡಿದ. "ಅಕ್ಕ, ಅವ್ವ ಹಿತ್ತಲಲ್ಲಿ ಜಾರಿ ಬಿದ್ಲು. ಸೊಂಟದ ಮೂಳೆ ಮುರಿದದಂತೆ. ಮೈಸೂರಿಗೆ ಕರ್ಕೊಂಡು ಹೋಗ್ತಾ ಇದೀವಿ."

ನಾನು ತಕ್ಷಣ ಹೊರಡುತ್ತೇನೆ ಎಂದೆ. ಆದರೆ ನೇರ ವಿಮಾನ ಆಗ ವಾರದ ಎಲ್ಲ ದಿನವೂ ಇರಲಿಲ್ಲ. ಮುಂದಿನದು ಬುಧವಾರ ರಾತ್ರಿ ಎಂಟೂವರೆಗೆ. ಅಳಿಯ ಬೇರೆ ಊರುಗಳ ಮೇಲಿನ ದಾರಿಗಳನ್ನೂ ನೋಡಿದರು. ಯಾವುದೂ ಅದಕ್ಕಿಂತ ಬೇಗ ತಲುಪಿಸುವಂತಿರಲಿಲ್ಲ. ಮಂಗಳವಾರ ಬೆಳಿಗ್ಗೆಯಿಂದ ಬುಧವಾರ ಸಂಜೆ ನಾಲ್ಕೂವರೆಗೆ ಮನೆ ಬಿಡುವವರೆಗೆ ಮೂವತ್ತನಾಲ್ಕೂವರೆ ಗಂಟೆ ಸುಮ್ಮನೆ ಕೂತಿದ್ದೆ.

ಆಗ ನೆನಪಾಗಿದ್ದು ಅವ್ವನ ಅವ್ವ. ನಾನು ಆಗ ಎರಡನೇ ಕ್ಲಾಸಿನಲ್ಲಿದ್ದೆ. ಒಂದು ಮಧ್ಯಾಹ್ನ ಎಚ್.ಡಿ. ಕೋಟೆ ಕಡೆಯಿಂದ ಒಬ್ಬ ಆಳು ಧೂಳು ಮೆತ್ತಿದ ಕಾಲಿನಲ್ಲಿ ನಡೆದು ಬಂದು, ಅಜ್ಜಿಗೆ ಹುಷಾರಿಲ್ಲ ಎಂದ. ಅಪ್ಪ ಗಾಡಿ ಕಟ್ಟಿದರು. ಅವ್ವ ನನ್ನನ್ನೂ ಕರೆದುಕೊಂಡಳು. ದಾರಿಯುದ್ದಕ್ಕೂ ಅವಳು ಎತ್ತುಗಳ ಬೆನ್ನನ್ನೇ ನೋಡುತ್ತಿದ್ದಳು. ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ಅಜ್ಜಿಯ ಊರುಗೋಲು ಒರಗಿಸಿತ್ತು, ಅಷ್ಟೆ.

1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತಾಗ ದಂಡೆಯ ಹಲವು ಹಳ್ಳಿಗಳ ಜೊತೆ ಅವ್ವನ ತವರೂ ಮುಳುಗಿತು. ಜನ ಬೇರೆ ಕಡೆ ಹೋಗಿ ನೆಲೆಯಾದರು. ಆನೆ ನೋಡಲು ಹಿನ್ನೀರಿಗೆ ಹೋದವರು ಆ ನೀರಿನ ಮೇಲೇ ದೋಣಿಯಲ್ಲಿ ಸುತ್ತುತ್ತಾರೆ. ಒಮ್ಮೆ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನೀರಿನ ಕಡೆ ಕೈ ತೋರಿಸಿ "ಅಗೋ, ಅಲ್ಲಿ" ಎಂದಳು. ಬೇರೆ ಮಾತಾಡಲಿಲ್ಲ.

"ಏಟೊತ್ತಿಗೆ ಬತ್ತೀಯ" ಎಂದು ಅವಳು ಕೇಳುತ್ತಿದ್ದುದು ಯಾಕೆಂದು ನನಗೆ ಮಗಳ ಮನೆಯ ಅಡುಗೆಮನೆಯಲ್ಲಿ ಕೂತಾಗ ತಿಳಿಯಿತು. ತಾನು ಮುಟ್ಟಲಾಗದ ಆ ಮೂರು ದಿನವನ್ನು ಅವಳು ಮರೆತೇ ಇರಲಿಲ್ಲ.

ನೆಲದ ಮೇಲಿಲ್ಲದ ಗುರುವಾರ

ಬುಧವಾರ ರಾತ್ರಿ ವಿಮಾನ ಏರುವ ಮುಂಚೆ ತಮ್ಮನಿಗೆ ಫೋನು ಮಾಡಿದೆ. ಅಲ್ಲಿ ಗುರುವಾರ ಬೆಳಿಗ್ಗೆ. "ಹನ್ನೊಂದು ಗಂಟೆಗೆ ಆಪರೇಷನ್ ಅಕ್ಕ. ವಯಸ್ಸಾಗಿದೆ, ಧೈರ್ಯವಾಗಿರಿ ಅಂದಿದಾರೆ ಡಾಕ್ಟ್ರು" ಎಂದ. ಹನ್ನೊಂದು ಗಂಟೆಗೆ ನಾನು ಆಕಾಶದಲ್ಲಿರುತ್ತೇನೆ. ಹದಿನೇಳು ಗಂಟೆಗೂ ಹೆಚ್ಚು ಹೊತ್ತು ಅವ್ವನಿಗೆ ಏನಾಯಿತು ಎಂದು ತಿಳಿಯುವುದಿಲ್ಲ. ಫೋನು ಆರಿಸಿ ಚೀಲದಲ್ಲಿಟ್ಟೆ.

ಬರುವಾಗ ಆ ಗಾಳಿಹೊಳೆಗೆ ಎದುರಾಗಿ ಹೋಗುವಂತಿಲ್ಲ. ಹಾಗಾಗಿ ವಿಮಾನ ಬೇರೆ ದಾರಿ ಹಿಡಿಯಿತು. ಉತ್ತರಕ್ಕೆ ಏರಿ ಕೆನಡಾ, ಗ್ರೀನ್‌ಲ್ಯಾಂಡ್ ಕಡೆಯಿಂದ ಸುತ್ತಿತು. ಕಿಟಕಿಯಾಚೆ ಬರೀ ಕತ್ತಲು, ಕೆಳಗೆ ಒಂದು ದೀಪವೂ ಇಲ್ಲ. ಪಕ್ಕದ ಸೀಟಿನಲ್ಲಿ ಏಳೆಂಟು ವರ್ಷದ ಹುಡುಗಿ ಪರದೆಯ ಪುಟ್ಟ ವಿಮಾನವನ್ನೇ ನೋಡುತ್ತಿದ್ದಳು. "ಅಜ್ಜಿ, ಇದು ಓಡ್ತಾನೇ ಇಲ್ಲ!" ಎಂದಳು. ನನಗೂ ಹಾಗೇ ಅನಿಸುತ್ತಿತ್ತು. ಗಂಟೆಗೆ 900 ಕಿಲೋಮೀಟರ್ ಓಡುವ ವಿಮಾನ ಅಪ್ಪನ ಗಾಡಿಗಿಂತ ನಿಧಾನ. ಅವತ್ತು ಅವ್ವ ಎತ್ತುಗಳ ಬೆನ್ನು ನೋಡಿದ ಹಾಗೇ ನಾನೂ ಆ ಪರದೆ ನೋಡುತ್ತಾ ಕೂತೆ.

ನಡುವೆ ಸ್ವಲ್ಪ ಹೊತ್ತು ಬೆಳಕು ಬಂತು. ಮತ್ತೆ ಕತ್ತಲಾಯಿತು. ನನ್ನ ಗುರುವಾರ ಅಷ್ಟೇ. ಹೋಗುವಾಗ ಸಿಕ್ಕಿದ್ದ ಹದಿಮೂರೂವರೆ ಗಂಟೆಯನ್ನು ಬರುವಾಗ ವಾಪಸ್ ಕೊಡಬೇಕು.

ಶುಕ್ರವಾರ ಬೆಳಗಿನ ಜಾವ ಮೂರೂವರೆಗೆ ಚಕ್ರ ನೆಲ ಮುಟ್ಟಿತು. ಕೈ ನಡುಗುತ್ತಾ ಫೋನು ಹಚ್ಚಿದೆ. ತಮ್ಮನ ಸಂದೇಶ ಇತ್ತು. "ಆಪರೇಷನ್ ಆಯ್ತು. ರಾತ್ರಿ ಗಂಜಿ ಕುಡಿದ್ಲು. ನಿನ್ನೇ ಕೇಳ್ತಾ ಇದಾಳೆ." ಸುತ್ತ ಎಲ್ಲರೂ ಎದ್ದು ಚೀಲ ತೆಗೆಯುತ್ತಿದ್ದರು. ನಾನು ಕೂತೇ ಇದ್ದೆ. ಪಕ್ಕದ ಹುಡುಗಿ "ಅಜ್ಜಿ, ಊರು ಬಂತು" ಎಂದು ನನ್ನ ಕೈ ಅಲ್ಲಾಡಿಸಿದಳು.

ಅವ್ವನ ಲೆಕ್ಕ

ಮೈಸೂರಿನ ಆಸ್ಪತ್ರೆ ತಲುಪಿದಾಗ ಬೆಳಿಗ್ಗೆ ಒಂಬತ್ತು. ಮಗಳ ಮನೆ ಬಿಟ್ಟು ಇಪ್ಪತ್ತೇಳು ಗಂಟೆ. ಫೋನು ಬಂದಾಗಿನಿಂದ ಲೆಕ್ಕ ಹಾಕಿದರೆ ಅರವತ್ತೊಂದೂವರೆ ಗಂಟೆ.

ಅವ್ವ ಮಂಚದ ಮೇಲೆ ಮೊದಲಿಗಿಂತ ಸಣ್ಣಗೆ ಕಾಣುತ್ತಿದ್ದಳು. ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ನಾನೇ ಶುರುಮಾಡಿದೆ. "ಒಂದು ದಿನ ಅಂದಿದ್ದೆ ಕಣವ್ವ. ತಡ ಆಯ್ತು."

"ನಾ ಬಿದ್ದದ್ದು ಯಾವತ್ತು?"

"ಮಂಗಳವಾರ ಸಂಜೆ."

ಅವ್ವ ಬೆರಳು ಮಡಚಿ ಎಣಿಸಿದಳು. ಬುಧವಾರ, ಗುರುವಾರ, ಶುಕ್ರವಾರ. "ಮೂರು ದಿವ್ಸ. ನನ್ ತವ್ರಿಗೂ ಅಷ್ಟೇ ಅಲ್ವಾ ಮಗಾ" ಎಂದಳು. ಆಮೇಲೆ, "ನಾ ಓದಾಗ ನಮ್ಮವ್ವ ಇರ್ನಿಲ್ಲ. ನೀ ಬಂದೆ, ನಾನಿವ್ನಿ. ಅಷ್ಟು ಸಾಕು. ತಿಂಡಿ ತಿಂದಾ?"

ಈಗ ಅವ್ವ ಊರಿನ ಮನೆಯಲ್ಲಿ ಊರುಗೋಲು ಹಿಡಿದು ಜಗಲಿಯವರೆಗೆ ಓಡಾಡುತ್ತಾಳೆ. ಹಿತ್ತಲಿಗೆ ಒಬ್ಬಳೇ ಹೋಗಬೇಡ ಎಂದು ಎಲ್ಲರೂ ಹೇಳುತ್ತೇವೆ, ಅವಳು ಹೋಗುತ್ತಾಳೆ. ನನ್ನ ಮೊಮ್ಮಗ ತನ್ನ ನೋಟುಪುಸ್ತಕದಲ್ಲಿ ಹಳೆಯ ಭಾಗಾಕಾರದ ಕೆಳಗೆ ಇನ್ನೊಂದು ಲೆಕ್ಕ ಬರೆದಿದ್ದಾನೆ. ಮನೆಯಿಂದ ನಿಲ್ದಾಣಕ್ಕೆ ಎಷ್ಟು, ನಿಲ್ದಾಣದಲ್ಲಿ ಎಷ್ಟು, ವಿಮಾನದಲ್ಲಿ ಎಷ್ಟು, ಇಳಿದ ಮೇಲೆ ಎಷ್ಟು, ವಿಮಾನಕ್ಕಾಗಿ ಕಾದದ್ದು ಎಷ್ಟು. ಕೊನೆಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾನೆ.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜಿಯನ್ನು ಕೇಳಿ: "ನಿಮ್ಮ ತವರು ಎಷ್ಟು ಹೊತ್ತಿನ ದಾರಿ ಇತ್ತು?" ಕಿಲೋಮೀಟರ್ ಕೇಳಬೇಡಿ, ಹೊತ್ತು ಕೇಳಿ. ಅಜ್ಜ ಅಜ್ಜಿಯರೇ, ನೀವೂ ಬೇಸರಿಸದೆ ಹೇಳಿ. ಗಾಡಿ ಎಲ್ಲಿ ನಿಂತಿತ್ತು, ಯಾವ ಹೊಳೆ ದಾಟಿದಿರಿ, ರಾತ್ರಿ ಎಲ್ಲಿ ತಂಗಿದಿರಿ, ಎಲ್ಲ ಹೇಳಿ. ದೂರದಲ್ಲಿರುವ ಮಗಳಿಗೋ ಮಗನಿಗೋ ಇವತ್ತೇ ಒಂದು ಫೋನನ್ನೂ ಮಾಡಿ. ಆ ದಾರಿಗೆ ಮಾತ್ರ ಹೊತ್ತೇ ಬೇಕಿಲ್ಲ.